ಒಂದೇ ಕುರ್ಚಿ, ಒಬ್ಬನೇ ಸೋದರಮಾವ

ಮಗಳ ಮದುವೆಯ ದಿನ ಬೆಳಿಗ್ಗೆ ಲ್ಯಾವ್ ಜಿನ್‌ಫಾ ಹಲ್ಲುಜ್ಜುತ್ತ ಟೀವಿ ಹಾಕಿದ್ದೇ ತಪ್ಪಾಯಿತು. ಹಾಕದಿದ್ದರೆ ಇನ್ನೊಂದು ಸ್ವಲ್ಪ ಹೊತ್ತಾದರೂ ಅವನು ನೆಮ್ಮದಿಯಾಗಿರುತ್ತಿದ್ದ. ಪರದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ ಸುದ್ದಿ ಓಡುತ್ತಿತ್ತು. ಟಿವಾರೋ ದ್ವೀಪದೇಶ ನಮ್ಮೊಂದಿಗೆ ಸಂಬಂಧ ಕಡಿದುಕೊಂಡಿದೆ, ಇವತ್ತಿನಿಂದ ಬೀಜಿಂಗ್ ಸರ್ಕಾರವನ್ನೇ ಒಪ್ಪುತ್ತದೆ, ತೈಪೆಯಲ್ಲಿರುವ ಅದರ ರಾಯಭಾರ ಕಚೇರಿ ಬಾಗಿಲು ಹಾಕಲಿದೆ. ಜಿನ್‌ಫಾನ ಬಾಯಿಂದ ಬ್ರಶ್ಶು ಜಾರಿ ಹೊಸ ಪ್ಯಾಂಟಿನ ಮೇಲೆ ಬಿತ್ತು.

ಇಂಥ ಸುದ್ದಿ ತೈಪೆಯವರಿಗೆ ಹೊಸದೇನಲ್ಲ. ನಮ್ಮನ್ನು ದೇಶ ಅಂತ ಒಪ್ಪಿ ರಾಯಭಾರಿ ಕಳಿಸುವವರು ಮೊದಲೇ ಬೆರಳೆಣಿಕೆಯಷ್ಟು. ಆಚೆ ದಡದ ಚೀನಾದವರು ಆಗಾಗ ಅದರಲ್ಲೊಬ್ಬರನ್ನು ಎಗರಿಸಿಕೊಂಡು ಹೋಗುತ್ತಾರೆ. ಇಬ್ಬರನ್ನೂ ಒಪ್ಪುತ್ತೇನೆ ಅನ್ನುವ ಹಾಗಿಲ್ಲ. ಅವರಾದರೆ ನಾವಿಲ್ಲ, ನಾವಾದರೆ ಅವರಿಲ್ಲ. ಅಂಥ ದಿನ ಊರಿನ ಜನ ಎರಡು ಬೈಗುಳ ಬೈದು, ಸೋಯಾ ಹಾಲು ಕುಡಿದು, ಕೆಲಸಕ್ಕೆ ಹೋಗುತ್ತಾರೆ.

ಜಿನ್‌ಫಾ ಹಾಗೆ ಬೈದು ಹೋಗುವಂತಿರಲಿಲ್ಲ. ಅವನು ಟಿವಾರೋ ರಾಯಭಾರಿಯ ಕಾರಿನ ಡ್ರೈವರ್. ಅದಾದರೂ ಹಾಳಾಗಿ ಹೋಗಲಿ, ಇವತ್ತು ಮಧ್ಯಾಹ್ನ ಮದುವೆಯೂಟದ ಮೊದಲ ಕುರ್ಚಿಯಲ್ಲಿ ಕೂರಬೇಕಾಗಿದ್ದವರೇ ಆ ರಾಯಭಾರಿ ತೆವಾಕೆ ಸಾಹೇಬರು.

ಮೊದಲ ಕುರ್ಚಿ ಅಂದರೆ ಆಟವಲ್ಲ. ಅದು ಮದುಮಗಳ ಸೋದರಮಾವನ ಕುರ್ಚಿ. ಅವನು ಕೆಂಪು ಗೋಡೆಗೆ ಬೆನ್ನು ಮಾಡಿ ಕೂತ ಮೇಲೆ ಪಟಾಕಿ, ಪಟಾಕಿ ಆದ ಮೇಲೆ ಊಟ. ಮಂತ್ರಿಯೇ ಬಂದರೂ ಅವನಿಗೆ ಎರಡನೆಯ ಕುರ್ಚಿ. ಈ ಪದ್ಧತಿ ಜಿನ್‌ಫಾಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೀಗರಾಗಲಿದ್ದ ತು ಸಾಹುಕಾರರದು ಝಿಪ್ಪು ಮಾಡುವ ದೊಡ್ಡ ಕಾರ್ಖಾನೆ. ನಿಶ್ಚಿತಾರ್ಥದ ದಿನ ಅವರು, "ನಮ್ಮ ಕಡೆಯಿಂದ ನಗರಸಭೆಯ ಸದಸ್ಯರು ಬರ್ತಾರೆ, ಬ್ಯಾಂಕಿನ ದೊಡ್ಡ ಮ್ಯಾನೇಜರ್ ಬರ್ತಾರೆ. ನಿಮ್ಮ ಕಡೆಯಿಂದ?" ಎಂದು ಕೇಳಿದಾಗ ಜಿನ್‌ಫಾನ ಕಣ್ಣ ಮುಂದೆ ಹೆಂಡತಿಯ ಅಣ್ಣ ಶುಯ್‌ಶೆಂಗ್ ಬಂದು ನಿಂತ. ಕೀಲುಂಗ್ ಬಂದರಿನಲ್ಲಿ ಮೀನು ಮಾರುವವನು. ರಬ್ಬರ್ ಬೂಟು, ಗುಡುಗಿನಂಥ ಗಂಟಲು. ಜಿನ್‌ಫಾನ ನಾಲಗೆ ಅವನನ್ನು ಕೇಳದೆಯೇ, "ನಮ್ಮ ಕಡೆಯಿಂದ ರಾಯಭಾರಿಗಳು ಬಂದು ಮೊದಲ ಕುರ್ಚಿಯಲ್ಲಿ ಕೂರ್ತಾರೆ," ಅಂದುಬಿಟ್ಟಿತು.

ಮಾತು ಕೀಲುಂಗಿಗೆ ಮುಟ್ಟಿತು. ಶುಯ್‌ಶೆಂಗ್ ಮೀನು ಕೊಯ್ಯುವ ಕತ್ತಿ ಹಿಡಿದೇ ಫೋನ್ ಮಾಡಿದ. "ಇರೋದು ಒಂದೇ ಕುರ್ಚಿ ಕಣಯ್ಯಾ. ಅವನನ್ನ ಕೂರಿಸ್ತೀಯೋ, ನನ್ನ ಕೂರಿಸ್ತೀಯೋ? ಅವನನ್ನ ಒಪ್ಪಿಕೊಂಡ ದಿನ ನನಗೂ ನಿನಗೂ ಸಂಬಂಧ ಕಡೀತು ಅಂತ ತಿಳ್ಕೋ." ಜಿನ್‌ಫಾ ಬಡಬಡಿಸಿದ, ತಡವರಿಸಿದ, ಕೊನೆಗೆ ರಾಯಭಾರಿಯನ್ನೇ ಒಪ್ಪಿದ. ಮದುವೆಗೆ ಮೊದಲು ಕರೆಯೋಲೆಯ ಹಾಗೆ ಹಂಚಿದ ಕೇಕಿನ ಡಬ್ಬಿ ಕೀಲುಂಗಿನಿಂದ ಬಿಚ್ಚದೆಯೇ ವಾಪಸು ಬಂತು. ಅಲ್ಲಿಂದ ಮಾತು ನಿಂತಿತ್ತು.

ಈಗ ಹೆಂಡತಿ ಚುನ್‌ಹ್ವಾ ಟೀವಿಯ ಮುಂದೆ ತಲೆಗೆಲ್ಲ ಕರ್ಲರ್ ಸುತ್ತಿಕೊಂಡು ನಿಂತಿದ್ದಳು. ಗಂಡನನ್ನು ನೋಡಿದಳು, ಟೀವಿಯನ್ನು ನೋಡಿದಳು.

"ಕೂರಿಸ್ಕೊಳ್ಳಿ ನಿಮ್ಮ ರಾಯಭಾರೀನ! ದೇಶಾನೇ ಎದ್ದು ಹೋಯ್ತು. ಇನ್ನು ಯಾರನ್ನ ಕೂರಿಸ್ತೀರಿ?"

"ನಾನೇನು ಕನಸು ಕಂಡಿದ್ನಾ?"

"ಕುರ್ಚಿ ಖಾಲಿ ಇದ್ರೆ ಪಟಾಕಿ ಹೊಡೆಯೋ ಹಾಗಿಲ್ಲ, ಊಟ ಬಡಿಸೋ ಹಾಗಿಲ್ಲ. ಬೀಗರ ಮುಂದೆ ನಮ್ಮ ಹುಡುಗಿ ಮುಖ ಎತ್ತಿಕೊಂಡು ಓಡಾಡೋದು ಬೇಡ್ವಾ? ಹೋಗಿ, ನಮ್ಮಣ್ಣನ ಕಾಲು ಹಿಡೀರಿ."

ಇಷ್ಟರಲ್ಲಿ ಎದುರು ಮನೆಯ ಮೊ ಅಮ್ಮ ಬಾಗಿಲು ತಟ್ಟದೆ ಒಳಗೆ ಬಂದಿದ್ದರು. ಗಂಡ ತೀರಿಕೊಂಡ ಮೇಲೆ ಅವರಿಗೆ ಟೀವಿಯ ರಾಜಕೀಯ ಚರ್ಚೆಗಳೇ ಸಂಸಾರ. "ಜಿನ್‌ಫಾ, ಸುದ್ದಿ ನೋಡಿದ್ಯಾ? ಪಾಪ, ನಿನ್ನ ಕೆಲಸಾನೂ ಹೋಯ್ತು, ಕುರ್ಚೀನೂ ಹೋಯ್ತು. ಆದ್ರೆ ಧೈರ್ಯ ಬಿಡಬೇಡ. ದೇಶಗಳು ಸಂಬಂಧ ಕಡ್ಕೊಂಡ್ರೂ ವ್ಯಾಪಾರ ಕಚೇರಿ ಅಂತ ಒಂದು ಬೋರ್ಡು ಹಾಕ್ಕೋತಾವೆ. ಅದೇ ಜನ, ಅದೇ ಮೇಜು, ಅದೇ ಟೀ. ಹೆಸರು ಮಾತ್ರ ಬೇರೆ. ಹಾಗೇ ಏನಾದ್ರೂ ಮಾಡು."

"ಮದುವೆ ಮನೇಲಿ ವ್ಯಾಪಾರ ಕಚೇರಿ ಎಲ್ಲಿಡಲಿ ಮೊ ಅಮ್ಮ?" ಎಂದು ಜಿನ್‌ಫಾ ಅಳುಮೋರೆ ಹಾಕಿ ಕೆಳಗಿಳಿದ.

ಕೆಳಗೆ ರಾಯಭಾರಿಯ ಕಪ್ಪು ಕಾರು ನಿಂತಿತ್ತು. ಮದುಮಗಳಿಗೆಂದು ಸಾಹೇಬರೇ ಪ್ರೀತಿಯಿಂದ ಕೊಟ್ಟಿದ್ದರು. ಹಿಂದಿನ ಸಂಜೆ ಜಿನ್‌ಫಾ ಅದಕ್ಕೆ ಗುಲಾಬಿ ರಿಬ್ಬನ್ನು ಕಟ್ಟಿದ್ದ. ಮೂತಿಯ ಮೇಲೆ ಟಿವಾರೋದ ಪುಟ್ಟ ಬಾವುಟ, ನೀಲಿಯ ಮೇಲೆ ಹಳದಿ ಆಮೆ, ಪಟಪಟ ಅನ್ನುತ್ತಿತ್ತು. ಆ ಬಾವುಟವನ್ನು ತೆಗೆಯಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಮೊದಲ ಸಿಗ್ನಲ್ಲಿನಲ್ಲೇ ಹೊಳೆಯಿತು. ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿದ್ದ ಹೆಂಗಸೊಬ್ಬಳು ಆಮೆಯನ್ನು ದಿಟ್ಟಿಸಿ, ಕಿಟಕಿ ಬಡಿದಳು. "ಏನ್ರೀ, ಇಷ್ಟು ವರ್ಷ ನಮ್ಮ ದುಡ್ಡಲ್ಲಿ ಆಸ್ಪತ್ರೆ ಕಟ್ಟಿಸ್ಕೊಂಡು ಈಗ ಕೈ ಕೊಡ್ತೀರಲ್ಲ, ನಾಚಿಕೆ ಆಗಲ್ವಾ?"

"ಅಮ್ಮಾ, ನಾನು ಇದೇ ಊರಿನವನು. ಡ್ರೈವರು."

"ಮೇಲಿಂದ ಗುಲಾಬಿ ರಿಬ್ಬನ್ನು ಬೇರೆ! ಸಂಭ್ರಮ ಪಡ್ತಿದ್ದೀರಾ?"

ಹಿಂದಿನ ಟ್ಯಾಕ್ಸಿಯವನೂ ಇಳಿದು ಬಂದ. ಅವನು ಮಾತಾಡಲಿಲ್ಲ. ಕೈಯಲ್ಲಿದ್ದ ಸೋಯಾ ಹಾಲನ್ನು ಕಾರಿನ ಗಾಜಿನ ಮೇಲೆ ಸುರಿದು, ಲೋಟವನ್ನು ಮಾತ್ರ ನೀಟಾಗಿ ಕಸದ ಚೀಲಕ್ಕೆ ಹಾಕಿಕೊಂಡು ಹೋದ. ಜಿನ್‌ಫಾ ಬಾವುಟ ಕಿತ್ತು ಕೋಟಿನ ಜೇಬಿಗೆ ತುರುಕಿಕೊಂಡು ಕೀಲುಂಗಿನ ದಾರಿ ಹಿಡಿದ.

ಮೀನು ಮಾರುಕಟ್ಟೆಯಲ್ಲಿ ಶುಯ್‌ಶೆಂಗ್ ಮಂಜುಗಡ್ಡೆಯ ರಾಶಿಯ ಹಿಂದೆ ನಿಂತಿದ್ದ. ಸುದ್ದಿ ಅವನಿಗೂ ತಲುಪಿತ್ತು. ಹೊಸ ಕೋಟು ಹಾಕಿಕೊಂಡು ಒದ್ದೆ ನೆಲದಲ್ಲಿ ಬಾತುಕೋಳಿಯ ಹಾಗೆ ನಡೆದು ಬರುತ್ತಿದ್ದ ಜಿನ್‌ಫಾನನ್ನು ಕಂಡದ್ದೇ ಅವನು ಒಂದು ದೊಡ್ಡ ಮೀನನ್ನು ಹಲಗೆಯ ಮೇಲೆ ದಪ್ಪನೆ ಬಿಸಾಡಿದ. ನೀರು, ಮಂಜು, ಮೀನಿನ ಹುರುಪೆ ಎಲ್ಲ ಜಿನ್‌ಫಾನ ಎದೆಗೆ ಹಾರಿತು.

"ಯಾರು ಬೇಕಾಗಿತ್ತು?"

"ಭಾವ, ನಾನು ಜಿನ್‌ಫಾ."

"ಯಾವ ಜಿನ್‌ಫಾ? ಆ ಹೆಸರಿನವರ ಜೊತೆ ನಮಗೆ ಸಂಬಂಧ ಇಲ್ಲ."

ಸುತ್ತಲಿನ ಅಂಗಡಿಯವರೆಲ್ಲ ಕೆಲಸ ನಿಲ್ಲಿಸಿ ಹತ್ತಿರ ಬಂದರು. ಸೀಗಡಿ ಮಾರುವ ಮುದುಕಿಯೊಬ್ಬಳು ಕುರ್ಚಿಯನ್ನೇ ಎಳೆದು ತಂದು ಕೂತಳು.

"ತಪ್ಪಾಯ್ತು ಭಾವ. ಹುಡುಗಿ ಮುಖ ನೋಡಿ ಬಾ. ಮೊದಲ ಕುರ್ಚಿ ನಿಂದೇ."

"ಈಗ ನಂದಾ? ಅವನ ದೇಶ ಕೈ ಕೊಟ್ಟ ಮೇಲೆ ನಂದಾ?" ಶುಯ್‌ಶೆಂಗ್ ಕತ್ತಿಯನ್ನು ಒರೆಸಿಕೊಂಡ. "ಸರಿ, ಬರ್ತೀನಿ. ಪೇಶಾನ್ ನನ್ನ ತಂಗಿ ಮಗಳು, ಅವಳದೇನು ತಪ್ಪು? ಆದ್ರೆ ನಂದು ಎರಡು ಷರತ್ತು. ಮೊದಲನೇದು, ಇಲ್ಲೇ ಇವರೆಲ್ಲರ ಮುಂದೆ ಹೇಳು. ಜಗತ್ತಿನಲ್ಲಿ ಒಂದೇ ಕುರ್ಚಿ, ಅದಕ್ಕೆ ಒಬ್ಬನೇ ಸೋದರಮಾವ."

"ಒಂದೇ ಕುರ್ಚಿ, ಒಬ್ಬನೇ ಸೋದರಮಾವ," ಎಂದ ಜಿನ್‌ಫಾ.

"ಜೋರಾಗಿ ಹೇಳಪ್ಪ, ಹಿಂದಿನವರಿಗೆ ಕೇಳಿಸಲ್ಲ," ಎಂದಳು ಸೀಗಡಿ ಮುದುಕಿ. ಜಿನ್‌ಫಾ ಜೋರಾಗಿ ಹೇಳಿದ. ಹಿಂದಿನವರು ಚಪ್ಪಾಳೆ ತಟ್ಟಿದರು.

"ಎರಡನೇದು, ಅವನಿಗೆ ಫೋನ್ ಮಾಡಿ, ಮದುವೆಗೆ ಬರಬೇಡ, ನಿನಗೂ ನನಗೂ ಸಂಬಂಧ ಇಲ್ಲ ಅಂತ ಹೇಳು. ನನ್ನ ಕಿವಿಗೆ ಕೇಳಿಸಬೇಕು."

ಇಲ್ಲಿ ಜಿನ್‌ಫಾಗೆ ನಿಜವಾಗಿಯೂ ಸಂಕಟವಾಯಿತು. ತೆವಾಕೆ ಸಾಹೇಬರು ಬಾಗಿಲಷ್ಟು ಅಗಲದ, ಮಗುವಿನಂಥ ಮನುಷ್ಯ. ಕಾರಿನ ಹಿಂದಿನ ಸೀಟು ಬಿಟ್ಟು ಮುಂದೆ ಬಂದು ಕೂರುವವರು, ಹಂದಿಕಾಲಿನ ಅನ್ನ ತಿನ್ನುವಾಗ ಡ್ರೈವರನಿಗೂ ಒಂದು ಬಟ್ಟಲು ತರಿಸುವವರು. ಊರಿನ ಭಾಷೆಯನ್ನೆಲ್ಲ, ಬೈಗುಳದ ಸಮೇತ, ಜಿನ್‌ಫಾನಿಂದಲೇ ಕಲಿತಿದ್ದರು. ಆದರೆ ಮಗಳ ಮುಖ ನೆನಪಾಯಿತು, ಬೀಗರ ಮುಖ ಇನ್ನೂ ಹೆಚ್ಚು ನೆನಪಾಯಿತು. ಅವನು ಫೋನ್ ಹಚ್ಚಿದ.

"ಜಿನ್‌ಫಾ! ನನಗೆ ತುಂಬ ದುಃಖ ಇದೆ," ಎಂದಿತು ಆ ಕಡೆಯ ದೊಡ್ಡ ದನಿ. "ನನ್ನ ದೇಶ ನನಗೇ ಹೇಳಲಿಲ್ಲ. ನಾನೂ ಟೀವಿ ನೋಡಿದೆ. ಆದರೆ ಮದುವೆ ಬರ್ತೀನಿ. ಹೊಸ ಶರ್ಟ್ ಹಾಕಿದೆ."

"ಸಾರ್... ಬರಬೇಡಿ ಸಾರ್. ಇನ್ನು ನಿಮಗೂ ನನಗೂ... ಸಂಬಂಧ ಇಲ್ಲ ಸಾರ್."

ಸಾಹೇಬರು ಸಣ್ಣ ದನಿಯಲ್ಲಿ, "ಸರಿ," ಎಂದು ಫೋನ್ ಇಟ್ಟರು.

ಶುಯ್‌ಶೆಂಗ್ ಸ್ನಾನ ಮಾಡಿ, ಮದುವೆಯ ಕೋಟು ಹಾಕಿ, ರಬ್ಬರ್ ಬೂಟನ್ನು ಮಾತ್ರ ಬಿಡದೆ ಹೊರಬಂದ. ಟಿವಾರೋದ ಕಾರು ಹತ್ತಲು ಅವನು ಖಂಡಿತ ಒಪ್ಪಲಿಲ್ಲ. ತನ್ನ ಮೀನಿನ ವ್ಯಾನಿನಲ್ಲೇ ಹೊರಟ. ವ್ಯಾನು ಮುಂದೆ, ರಿಬ್ಬನ್ನು ಕಟ್ಟಿದ ರಾಯಭಾರಿಯ ಕಾರು ಅದರ ಹಿಂದೆ, ಹೀಗೆ ಮೆರವಣಿಗೆ ತೈಪೆಗೆ ಬಂತು. ದಾರಿಯುದ್ದಕ್ಕೂ ವ್ಯಾನಿನಿಂದ ತೊಟ್ಟಿಕ್ಕಿದ ನೀರೆಲ್ಲ ಕಾರಿನ ಗಾಜಿಗೇ ಬಡಿಯಿತು.

ಹೋಟೆಲಿನ ಸಭಾಂಗಣದ ಬಾಗಿಲಲ್ಲೇ ತು ಸಾಹುಕಾರರು ಎರಡೂ ಕೈ ಚಾಚಿಕೊಂಡು ಎದುರಾದರು. ಇಷ್ಟು ದಿನ ಕಂಡಾಗಲೆಲ್ಲ ಮುಖ ಗಂಟಿಕ್ಕುತ್ತಿದ್ದ ಮನುಷ್ಯ ಇವತ್ತು ಮದುಮಗನಿಗಿಂತ ಹೆಚ್ಚು ನಗುತ್ತಿದ್ದರು.

"ಬೀಗರೇ, ಎಂಥಾ ಕೆಲಸ ಮಾಡಿದ್ರಿ! ನನ್ನ ಕಾರ್ಖಾನೆ ಇರೋದು ಆಚೆ ದಡದಲ್ಲಿ ಅಂತ ನಿಮಗೆ ಗೊತ್ತಲ್ಲ. ತೈಪೆಯನ್ನ ಒಪ್ಪೋ ದೇಶದ ರಾಯಭಾರಿ ಪಕ್ಕದಲ್ಲಿ ನನ್ನ ಫೋಟೋ ಬಂದ್ರೆ ಅಲ್ಲಿನವರು ಏನಂತಾರೋ ಅಂತ ನನಗೆ ಎಷ್ಟು ದಿನದಿಂದ ನಿದ್ದೆ ಇರ್ಲಿಲ್ಲ. ಇವತ್ತು ನೋಡಿ! ಈಗ ಅವರು ಆಚೆ ದಡದ ಸ್ನೇಹಿತರು. ಬರಲ್ಲ ಅಂತ ಹಟ ಹಿಡಿದಿದ್ರು, ನಾನೇ ಹೋಗಿ ಎಳ್ಕೊಂಡು ಬಂದೆ. ಆಗಲೇ ಫೋಟೋನೂ ಕಳಿಸಿದೆ ಅಲ್ಲಿಗೆ!"

ಜಿನ್‌ಫಾ ಅವರ ಭುಜದ ಮೇಲಿಂದ ಇಣುಕಿ ನೋಡಿದ. ಕೆಂಪು ಗೋಡೆಗೆ ಬೆನ್ನು ಮಾಡಿ, ಮೊದಲ ಕುರ್ಚಿಯಲ್ಲಿ, ಹೂವಿನ ಚಿತ್ರದ ಹೊಸ ಶರ್ಟು ಹಾಕಿಕೊಂಡು ತೆವಾಕೆ ಸಾಹೇಬರು ಕೂತಿದ್ದರು. ಅವರು ಜಿನ್‌ಫಾನನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿಕೊಂಡರು.

ಅಷ್ಟರಲ್ಲಿ ಹಿಂದಿನಿಂದ ಬೂಟಿನ ಸದ್ದಾಯಿತು. ಶುಯ್‌ಶೆಂಗ್ ಬಾಗಿಲಲ್ಲಿ ನಿಂತ, ಕುರ್ಚಿ ನೋಡಿದ, ಜಿನ್‌ಫಾನನ್ನು ನೋಡಿದ. "ಇದೇನಯ್ಯಾ? ಮಾರುಕಟ್ಟೆಯಲ್ಲಿ ಒಂದು, ಹೋಟೆಲಲ್ಲಿ ಇನ್ನೊಂದಾ?"

"ಭಾವ, ನಾನು ಕರೆದಿಲ್ಲ. ಬೀಗರು..."

"ಬೀಗರೇ, ಯಾರು ಇವರು?" ಎಂದರು ಸಾಹುಕಾರರು, ಮೂಗು ಮುಚ್ಚಿಕೊಂಡು. "ಮೀನಿನವರು ಅಡುಗೆ ಮನೆ ಬಾಗಿಲಿಂದ ಬರಬೇಕು."

ಅಲ್ಲಿಗೆ ಮುಗಿಯಿತು. ಚುನ್‌ಹ್ವಾ ಅಣ್ಣನ ಪರವಾಗಿ ಬಂದಳು, ಸಾಹುಕಾರರ ಹೆಂಡತಿ ಗಂಡನ ಪರವಾಗಿ ಬಂದಳು. ಪಟಾಕಿಯವನು ಲೈಟರ್ ಹಿಡಿದು, "ಹಚ್ಚಲಾ? ಬೇಡ್ವಾ?" ಎಂದು ಎಲ್ಲರ ಮುಖ ನೋಡುತ್ತಿದ್ದ. ಒಳಗೆ ಆವಿಯಲ್ಲಿ ಬೆಂದ ಮೀನು ಆರುತ್ತಿತ್ತು. ಮದುಮಗಳು ಪೇಶಾನ್ ಬಿಳಿ ಗೌನನ್ನು ಎತ್ತಿ ಹಿಡಿದುಕೊಂಡು ಓಡಿ ಬಂದಳು.

"ಅಪ್ಪಾ, ಯಾರಾದ್ರೂ ಒಬ್ಬರು ಕೂತ್ಕೊಳ್ಳಿ ಅಪ್ಪಾ! ಇಲ್ಲಾಂದ್ರೆ ನಾನೇ ಕೂತ್ಕೋತೀನಿ!"

ಮೊ ಅಮ್ಮನಿಗೆ ಇಂಥ ಗಳಿಗೆಗಾಗಿಯೇ ಹುಟ್ಟಿದಂತಾಗಿತ್ತು. "ಎಲ್ಲಾರೂ ನಿಲ್ಲಿ. ಉಪಾಯ ಇದೆ. ಸೋದರಮಾವನ್ನ ಪಕ್ಕದ ಮೇಜಲ್ಲಿ ಕೂರಿಸೋಣ. ಮುಂದೆ ಒಂದು ಬೋರ್ಡು. ಕೀಲುಂಗ್ ಮೀನು ಮತ್ತು ಬಂಧುತ್ವ ವ್ಯಾಪಾರ ಕಚೇರಿ. ಗೌರವ ಅಷ್ಟೇ ಇರುತ್ತೆ, ಕುರ್ಚಿ ಮಾತ್ರ ಇರಲ್ಲ."

"ಯಾರಮ್ಮಾ ನೀನು?" ಎಂದು ಶುಯ್‌ಶೆಂಗ್ ಗುಡುಗಿದ್ದಕ್ಕೆ ಮೊ ಅಮ್ಮ ಸಾಹುಕಾರರ ಹೆಂಡತಿಯ ಹಿಂದೆ ಸರಿದರು.

ಆಗ ತೆವಾಕೆ ಸಾಹೇಬರು ಕುರ್ಚಿಯಿಂದ ನಿಧಾನವಾಗಿ ಎದ್ದರು. ಎದ್ದಾಗ ದೀಪದ ಬೆಳಕೇ ಕಡಿಮೆಯಾದಂತೆ ಕಂಡಿತು. "ಈ ಮನುಷ್ಯ ಯಾರು?"

"ನಮ್ಮಣ್ಣ ಸಾರ್. ಹುಡುಗಿಯ ಸೋದರಮಾವ," ಎಂದಳು ಚುನ್‌ಹ್ವಾ.

"ತಾಯಿಯ ಅಣ್ಣ?" ಸಾಹೇಬರ ಮುಖ ಬಿಳಿಚಿಕೊಂಡಿತು. "ತಾಯಿಯ ಅಣ್ಣ ನಿಂತಿದ್ದಾನೆ, ನಾನು ಕೂತಿದ್ದೀನಿ? ಟಿವಾರೋದಲ್ಲಿ ಹಾಗೆ ಮಾಡಿದವನನ್ನ ದೋಣಿಯಲ್ಲಿ ಕೂರಿಸಿ ಸಮುದ್ರಕ್ಕೆ ತಳ್ತಾರೆ!" ಅನ್ನುತ್ತಲೇ ಅವರು ಆ ದೊಡ್ಡ ದೇಹವನ್ನು ಮಂಡಿಯೂರಿಸಿ, ಶುಯ್‌ಶೆಂಗನ ರಬ್ಬರ್ ಬೂಟನ್ನು ಮುಟ್ಟಿ ಹಣೆಗೆ ಒತ್ತಿಕೊಂಡರು. "ಯಾರೂ ನನಗೆ ಹೇಳಲಿಲ್ಲ. ಜಿನ್‌ಫಾ ಹೇಳಲಿಲ್ಲ. ಕ್ಷಮಿಸಿ."

ಜೀವಮಾನದಲ್ಲಿ ಶುಯ್‌ಶೆಂಗನ ಬೂಟಿಗೆ ಹುರುಪೆ ಬಿಟ್ಟು ಬೇರೇನೂ ಅಂಟಿರಲಿಲ್ಲ. ಅವನು ಗಡಬಡಿಸಿ ಬಗ್ಗಿದ. ಸಾಹೇಬರನ್ನು ಹಿಡಿದೆತ್ತಿದ. "ಏಳಿ, ಏಳಿ ಸ್ವಾಮಿ. ನೀವೇನು ಮಾಡ್ತೀರಿ? ನಿಮ್ಮೂರಲ್ಲಿ ಪದ್ಧತಿ ಇದೆ. ಪದ್ಧತಿ ಗೊತ್ತಿಲ್ಲದಿರೋದು ಈ ಮನೆಯವನಿಗೆ." ಮೊದಲ ಕುರ್ಚಿಯಲ್ಲಿ ಕೂತು, ಎರಡನೆಯದನ್ನು ಕೈಯಿಂದ ತಟ್ಟಿದ. "ಇವರು ಇಲ್ಲಿ, ನನ್ನ ಪಕ್ಕ. ಇವರು ಕೂರದಿದ್ರೆ ನಾನೂ ಚಾಪ್‌ಸ್ಟಿಕ್ಸ್ ಎತ್ತಲ್ಲ."

ಢಂ ಢಂ ಎಂದು ಪಟಾಕಿ ಸಿಡಿಯಿತು. ಸಭಾಂಗಣಕ್ಕೆ ಸಭಾಂಗಣವೇ ಉಸಿರುಬಿಟ್ಟಿತು. ಜಿನ್‌ಫಾನ ಕಣ್ಣಲ್ಲಿ ನೀರು ಬಂತು. ಅಬ್ಬಾ, ಮಗಳ ಮದುವೆ ಉಳಿಯಿತು!

ಅವನು ತನ್ನ ಜಾಗ ಹುಡುಕಿದ. ಮುಖ್ಯ ಮೇಜಿನ ಸುತ್ತ ಎಲ್ಲ ಕುರ್ಚಿಗಳೂ ತುಂಬಿದ್ದವು. ಸಾಹೇಬರು ಈಗ ಕೂತಿದ್ದ ಎರಡನೆಯದೇ ಅವನದಾಗಿತ್ತು. ನಗರಸಭೆಯ ಸದಸ್ಯರಿಗೆ ಸರಿಯಲು ಹೇಳುವಂತಿಲ್ಲ, ಬ್ಯಾಂಕಿನವರನ್ನು ಎಬ್ಬಿಸುವಂತಿಲ್ಲ. ಎಲ್ಲರೂ ಜಿನ್‌ಫಾನನ್ನು ನೋಡಿದರು. "ಪರವಾಗಿಲ್ಲ, ನಾನು ಆಚೆ ಎಲ್ಲಾದ್ರೂ..." ಎಂದು ಅವನು ಹಿಂದೆ ಹಿಂದೆ ಸರಿಯುತ್ತ ಹೋಗಿ, ಅಡುಗೆಮನೆಯ ಬಾಗಿಲ ಬಳಿ ಡ್ರೈವರುಗಳಿಗೆಂದು ಹಾಕಿದ್ದ ಮೇಜಿನಲ್ಲಿ ಕೂತ. ಬಡಿಸುವ ಹುಡುಗಿ ಅವನ ಕೋಟಿನ ಹುರುಪೆ ನೋಡಿ, "ನೀವು ಯಾವ ಗಾಡಿಯವರು?" ಎಂದು ಕೇಳಿದಳು.

ಊಟ ಅರ್ಧಕ್ಕೆ ಬಂದಿತ್ತು. ಅಲ್ಲಿ ಮುಖ್ಯ ಮೇಜಿನಲ್ಲಿ ಸಾಹೇಬರು ಸಾರಾಯಿ ಹೀರುತ್ತ, ಕುಡಿಯದ ಶುಯ್‌ಶೆಂಗ್ ಕಿತ್ತಳೆ ರಸ ಹೀರುತ್ತ, ಟ್ಯೂನಾ ಮೀನಿನ ಬಗ್ಗೆ ಮುಗಿಯದ ಮಾತಾಡುತ್ತಿದ್ದರು. ಆಗ ಮೊ ಅಮ್ಮ ಫೋನನ್ನು ಮೇಲೆತ್ತಿ ಕಿರುಚಿದರು.

"ಬಂತು! ಸುದ್ದಿ ಬಂತು! ಟಿವಾರೋದ ಸಂಸತ್ತು ಬೆಳಗ್ಗಿನ ಸರ್ಕಾರಾನ ಇಳಿಸಿಬಿಡ್ತಂತೆ! ಹೊಸಬರು ಹೇಳ್ತಿದ್ದಾರೆ, ಏನೂ ಕಡಿದಿಲ್ಲ, ತೈಪೆ ಜೊತೆಗೇ ಇರ್ತೀವಿ ಅಂತ!"

ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ತು ಸಾಹುಕಾರರ ಚಾಪ್‌ಸ್ಟಿಕ್ಸಿನಿಂದ ಸೀಗಡಿ ಜಾರಿ ಸೂಪಿಗೆ ಬಿತ್ತು. "ಫೋಟೋ..." ಎಂದರು. "ಅಯ್ಯೋ, ಅವರನ್ನ ತಬ್ಬಿಕೊಂಡಿರೋ ಫೋಟೋ ಆಚೆ ದಡದಲ್ಲಿದೆಯಲ್ಲ! ಬೀಗರೇ, ನೀವು ನನ್ನ ಕಾರ್ಖಾನೆ ಮುಳುಗಿಸಿದ್ರಿ!"

ಜಿನ್‌ಫಾಗೆ ಅದು ಕೇಳಿಸಲೇ ಇಲ್ಲ. ಸಾಹೇಬರು ಮತ್ತೆ ರಾಯಭಾರಿ! ಅಂದರೆ ತಾನು ಮತ್ತೆ ಡ್ರೈವರ್! ಅವನು ಮೇಜುಗಳ ನಡುವೆ ನುಗ್ಗಿ ಓಡಿಬಂದು, ಜೇಬಿನಿಂದ ಆಮೆಯ ಬಾವುಟ ತೆಗೆದು ಎರಡೂ ಕೈಯಲ್ಲಿ ಚಾಚಿದ. "ಸಾರ್, ಕಾರು ಬಾಗಿಲಿಗೆ ತರಲಾ?"

ತೆವಾಕೆ ಸಾಹೇಬರು ಬಾವುಟ ತೆಗೆದುಕೊಂಡು, ಆಮೆಯ ಮೇಲೆ ಅಂಟಿದ್ದ ಮೀನಿನ ಹುರುಪೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರು.

"ಜಿನ್‌ಫಾ, ಬೆಳಿಗ್ಗೆ ನೀನು ನನ್ನ ಜೊತೆ ಸಂಬಂಧ ಕಡಿದೆ. ಫೋನಲ್ಲಿ."

"ಅದು... ಒತ್ತಾಯಕ್ಕೆ ಸಾರ್! ಭಾವ ಪಕ್ಕದಲ್ಲೇ ನಿಂತಿದ್ದ. ಕೇಳಿ ಬೇಕಾದ್ರೆ."

"ಹೌದು ಸ್ವಾಮಿ, ನಾನು ಪಕ್ಕದಲ್ಲೇ ಇದ್ದೆ," ಎಂದ ಶುಯ್‌ಶೆಂಗ್. "ಸ್ಪಷ್ಟವಾಗಿ ಹೇಳಿದ. ಇಡೀ ಮಾರುಕಟ್ಟೆ ಕೇಳಿಸ್ಕೊಂಡಿದೆ."

"ನನ್ನ ದೇಶ ಬೆಳಿಗ್ಗೆ ಕಡೀತು, ಮಧ್ಯಾಹ್ನ ಜೋಡಿಸ್ತು," ಎಂದರು ಸಾಹೇಬರು. "ದೇಶಕ್ಕೆ ನಾಚಿಕೆ ಇಲ್ಲ. ನನಗೆ ಇದೆ. ಕಾರಿನ ಕೀಲಿ ಕೊಡು ಜಿನ್‌ಫಾ."

ಜಿನ್‌ಫಾ ಕೀಲಿ ಕೊಟ್ಟ. ಊಟ ಮುಗಿದ ಮೇಲೆ ಅವನೂ ಚುನ್‌ಹ್ವಾಳೂ ಹೋಟೆಲಿನ ಮುಂದಿನ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಬೀಗರು ಹೇಳದೆ ಕೇಳದೆ ಹೊರಟುಹೋಗಿದ್ದರು. ಮೀನಿನ ವ್ಯಾನು ಮೂತಿಯ ಮೇಲೆ ನೀಲಿ ಬಾವುಟ ಹಾರಿಸಿಕೊಂಡು ಬಂತು. ಮುಂದಿನ ಸೀಟಿನಲ್ಲಿ ತೆವಾಕೆ ಸಾಹೇಬರು ಹಾಡುತ್ತ ಕೂತಿದ್ದರು. ಸಿಗ್ನಲ್ಲಿನಲ್ಲಿ ನಿಂತಿದ್ದ ಸ್ಕೂಟರಿನವರೆಲ್ಲ ಆಮೆಯನ್ನು ನೋಡಿ ಕೈಬೀಸಿದರು.

ಶುಯ್‌ಶೆಂಗ್ ವ್ಯಾನು ನಿಧಾನಿಸಿ ತಲೆ ಹೊರಗೆ ಹಾಕಿದ. ಜಿನ್‌ಫಾ ಆಸೆಯಿಂದ ಒಂದು ಹೆಜ್ಜೆ ಮುಂದಿಟ್ಟ.

"ಬೇಜಾರು ಮಾಡ್ಕೋಬೇಡಯ್ಯಾ ಜಿನ್‌ಫಾ," ಎಂದು ಶುಯ್‌ಶೆಂಗ್ ಕೂಗಿದ. "ಸಂಬಂಧ ಗಿಂಬಂಧ ಬೇಡ. ಮೀನು ಬೇಕಾದಾಗ ಬಾ, ವ್ಯಾಪಾರ ಇಟ್ಕೊಳ್ಳೋಣ!"